ಮೂರು ವಿಳಾಸದ ಅಂಗಡಿ

“ನಿಮ್ಮಕ್ಕನಿಗೆ ಅಂಗಡಿ ಅಂತ ಇದ್ದದ್ದು ಒಂದು ಬೋರ್ಡು ಕಣಯ್ಯಾ. ಈಗ ಅದೂ ಇಲ್ಲ.”

ದೊಡ್ಡಂಗಡಿಯವನು ಇದನ್ನು ಕೂಗಿ ಹೇಳಲಿಲ್ಲ. ಕೂಗಿದ್ದರೆ ಸಿಡುಕನಿಗೆ ಸುಲಭವಾಗುತ್ತಿತ್ತು. ಕನ್ನಡಕ ಒರೆಸಿಕೊಳ್ಳುತ್ತಾ, ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳುವವನ ಹಾಗೆ ಹೇಳಿದ.

ತೂಕ-ಅಳತೆ ಇಲಾಖೆಯ ಹಜಾರದಲ್ಲಿ ಬೆಂಚು ತುಂಬ ವ್ಯಾಪಾರಿಗಳು ಕೂತಿದ್ದರು. ಮೀನಿನವಳು ನಕ್ಕಳು. ಹಳೇ ಕಬ್ಬಿಣದವನು ನಕ್ಕ. ಕಿಟಕಿಯ ಹಿಂದಿನ ಗುಮಾಸ್ತ ಕೆಮ್ಮಿನ ನೆಪ ಮಾಡಿಕೊಂಡು ನಕ್ಕ.

ಸಿಡುಕನ ಮೂಗಿನ ತುದಿ ಕೆಂಪಾಯಿತು. ಹೆತ್ತವರು ಇಟ್ಟ ಹೆಸರು ಮಾರುಕಟ್ಟೆಯಲ್ಲಿ ಯಾರಿಗೂ ನೆನಪಿಲ್ಲದಂತೆ ಮಾಡಿದ್ದು ಇದೇ ಮೂಗು. ಶಾಲೆಯನ್ನು ಅರ್ಧಕ್ಕೆ ಬಿಡಿಸಿದ್ದೂ ಇದೇ. ಕಳೆದದ್ದನ್ನು ಹುಡುಕಿಕೊಡುವವನು ಅಂತ ಸಂತೆ ಸಾಲಿನಲ್ಲಿ ಅವನಿಗೆ ಸಣ್ಣ ಹೆಸರಿತ್ತು. ಈ ಸಲ ಕಳೆದದ್ದು ಮನೆಯದೇ: ಅಕ್ಕನ ತಕ್ಕಡಿ ರಿಪೇರಿ ಅಂಗಡಿಯ ಹಿತ್ತಾಳೆ ಬೋರ್ಡು.

“ಬೋರ್ಡು ಇತ್ತು. ನಾನೇ ಹಾಕಿದ್ದು. ವಾರೆ ಆಯ್ತು ಅಂತ ಅಕ್ಕನ ಹತ್ರ ಬೈಸಿಕೊಂಡು ಮತ್ತೆ ಹಾಕಿದ್ದು.”

“ನಾನು ಹೋದಾಗ ಇರಲಿಲ್ಲ,” ಎಂದರು ತಪಾಸಣೆಯ ಸಾಹೇಬರು, ಮೇಜಿನ ಆಚೆಯಿಂದ. ಅವರದು ಸಿಟ್ಟೂ ಇಲ್ಲದ, ಸಲಿಗೆಯೂ ಇಲ್ಲದ ದನಿ. “ಲೈಸೆನ್ಸಲ್ಲಿ ಬರೆದ ಕಟ್ಟಡ ಇದೆ, ಮಹಡಿ ಇದೆ, ಗೋಡೆ ಇದೆ. ನಿಮ್ಮ ಹೆಸರಿಲ್ಲ.”

“ಅಂಗಡಿ ಐಸ್ ಕಾರ್ಖಾನೆ ಹಿಂದಿದೆ ಸಾಹೇಬ್ರೆ. ನಿಮ್ಮ ಇಲಾಖೆ ತಕ್ಕಡೀನೂ ಅಲ್ಲೇ ರಿಪೇರಿಗೆ ಬರೋದು.”

“ಅದು ನೀವು ಕೆಲಸ ಮಾಡೋ ಜಾಗ. ಇದು ನಾನು ನಿಮ್ಮನ್ನ ಹುಡುಕಿಕೊಂಡು ಬರೋ ಜಾಗ. ಎರಡೂ ಒಂದೇ ಆಗಿರಬೇಕು ಅಂತ ಕಾನೂನಿಲ್ಲ. ಆದರೆ ನೀವೇ ಕೊಟ್ಟ ಜಾಗದಲ್ಲಿ ನೀವು ಸಿಗಬೇಕು ಅಂತ ಇದೆ. ಸೋಮವಾರದವರೆಗೆ ಟೈಮು. ಸರಿಯಾದ ಉತ್ತರ ಬರಲಿಲ್ಲ ಅಂದರೆ ಲೈಸೆನ್ಸು ರದ್ದು, ಸೀಲಿನ ಇಕ್ಕಳ ವಾಪಸ್ಸು.”

ಆ ಇಕ್ಕಳವೇ ಅಕ್ಕನ ಅನ್ನ. ತಕ್ಕಡಿ ಸರಿಮಾಡಿದ ಮೇಲೆ ತಂತಿಗೆ ಸೀಸದ ಗುಂಡಿ ಪೋಣಿಸಿ ಇಕ್ಕಳದಲ್ಲಿ ಒತ್ತಿದರೆ ಅಕ್ಕನ ನಂಬರು ಮೂಡುತ್ತದೆ. ಗುಂಡಿ ಇಲ್ಲದ ತಕ್ಕಡಿಯಲ್ಲಿ ವ್ಯಾಪಾರ ಮಾಡುವ ಹಾಗಿಲ್ಲ. ಇಕ್ಕಳ ಹೋದರೆ ಅಕ್ಕ ತಕ್ಕಡಿಯ ಧೂಳು ಒರೆಸಿಕೊಂಡಿರಬೇಕು.

“ಇನ್ನೊಂದು,” ಎಂದರು ಸಾಹೇಬರು. “ಲೈಸೆನ್ಸು ಹೋದರೆ ನಿಮ್ಮ ನಂಬರಿನ ಗುಂಡಿ ಇರೋ ಅಷ್ಟೂ ತಕ್ಕಡಿ ಇಲ್ಲಿಗೆ ಬರಬೇಕು. ಮತ್ತೆ ತೂಗಿ ನೋಡಿ, ಬೇರೆಯವರ ಸೀಲು ಹಾಕಿಸ್ತೀವಿ.”

ಬೇರೆಯವರು ಅಂದರೆ, ಈ ಊರಿನಲ್ಲಿ ಸೀಲಿನ ಇಕ್ಕಳ ಇರುವವನು ಇನ್ನೊಬ್ಬನೇ. ದೊಡ್ಡಂಗಡಿಯವನು ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸಿದ.

“ಆಗಲಿ ಸರ್,” ಎಂದಳು ಸಿಡುಕನ ಹಿಂದೆ ನಿಂತಿದ್ದ ಅಕ್ಕ.

ಸಿಡುಕ ತಿರುಗಿ ನೋಡಿದ. ತಕ್ಕಡಿಯ ಮುಳ್ಳು ಒಂದು ಕೂದಲಷ್ಟು ಆಚೆ ನಿಂತರೆ ತಯಾರಿಸಿದವನ ವಂಶವನ್ನೇ ಜಾಲಾಡುವ ಹೆಂಗಸು ಇವಳು. ತನ್ನ ಲೈಸೆನ್ಸು ಹೋಗುತ್ತಿದ್ದರೆ ‘ಆಗಲಿ’ ಅನ್ನುತ್ತಾಳೆಯೇ?

“ಏನು ಆಗಲಿ? ಆಗೋ ಹಾಗಿಲ್ಲ,” ಎಂದ ಸಿಡುಕ. ಹಜಾರದ ಕೊನೆಯ ಬೆಂಚಿಗೂ ಕೇಳಿಸುವಂತೆ ಹೇಳಿದ. “ಬೋರ್ಡು ಯಾರೋ ಕಿತ್ತಿದ್ದಾರೆ. ಕಿತ್ತವರು ಯಾರೇ ಇರಲಿ, ಸೋಮವಾರ ಇದೇ ಮೇಜಿನ ಮುಂದೆ ತಂದು ನಿಲ್ಲಿಸ್ತೀನಿ. ಆಗ ನಗೋರು ಇನ್ನೊಂದು ಸಲ ನಗಲಿ.”

“ನಿಲ್ಲಿಸು ನೋಡೋಣ,” ಎಂದರು ಸಾಹೇಬರು. ಮೊದಲ ಸಲ ಅವರ ಹುಬ್ಬು ಮೇಲೇರಿತ್ತು. “ಕಿತ್ತಿದ್ದು ನಿಜ ಅಂತಾದರೆ ಲೈಸೆನ್ಸಿಗೆ ತೊಂದರೆ ಇಲ್ಲ. ಕಿತ್ತವರಿಗೆ ಇದೆ.”

ಹಿಂದಿನಿಂದ ಅಕ್ಕ ಅವನ ಅಂಗಿ ಜಗ್ಗಿದಳು. “ಸಾಕು ಬಾರೋ. ಮರ್ಯಾದೆ ಇನ್ನೂ ಸ್ವಲ್ಪ ಉಳಿದಿದೆ, ಮನೆಗಾದರೂ ತಗೊಂಡು ಹೋಗೋಣ.”

ಅವಳ ಬೆರಳು ತಣ್ಣಗಿತ್ತು. ಅವಮಾನಕ್ಕೆ ಅಂದುಕೊಂಡ ಸಿಡುಕ.

ಹೊರಗೆ ಮೆಟ್ಟಿಲ ಹತ್ತಿರ ಭಾವ ಕಾಯುತ್ತಿದ್ದ. ಅಕ್ಕನ ಗಂಡನಿಗೆ ಹುಟ್ಟಿನಿಂದಲೇ ಬಂದ ಆಸ್ತಿ ಎಂದರೆ ನಗು. ತಕ್ಕಡಿ ಕಂಡರೆ ಆಕಳಿಸುವ ಮನುಷ್ಯ. ಮದುವೆಯಾದ ಮೇಲೆ ಶೆಡ್ಡಿನೊಳಗೆ ಪೂರ್ತಿ ಒಂದು ಗಂಟೆ ನಿಂತವನಲ್ಲ. ಇವತ್ತು ಮಾತ್ರ ಸಿಡುಕನ ಭುಜ ಹಿಡಿದು ಪಕ್ಕಕ್ಕೆ ಕರೆದ.

“ಬಿಡಬೇಡ ಭಾಮೈದ. ಹುಡುಕು. ಲೈಸೆನ್ಸು ಹೋಗಬಾರದು ನೋಡು, ಏನೇ ಆದರೂ.”

“ನಿಮಗೆ ಯಾವಾಗಿಂದ ಲೈಸೆನ್ಸಿನ ಚಿಂತೆ ಭಾವ?”

“ಮನೆ ನಡೆಯೋದು ಅದರಿಂದ ತಾನೇ?” ಭಾವ ನಕ್ಕ. ಸಿಡುಕ ಮುಖ್ಯರಸ್ತೆಯ ಕಡೆ ಹೊರಟ.

*

ಬೋರ್ಡು ಇದ್ದ ಕಟ್ಟಡ ಮುಖ್ಯರಸ್ತೆಯಲ್ಲಿತ್ತು. ಕೆಳಗೆ ಪರದೆ ಬಟ್ಟೆಯ ಅಂಗಡಿ, ಮೇಲೆ ಹಲ್ಲಿನ ಡಾಕ್ಟರು, ಅದರ ಮೇಲೆ ವಿಳಾಸದಮ್ಮ.

ಆಕೆ ಮಾರುತ್ತಿದ್ದದ್ದು ವಿಳಾಸ. ಉದ್ದನೆಯ ಓಣಿಯ ಗೋಡೆ ತುಂಬ ಬೋರ್ಡುಗಳು: ಜೇನು ಪೆಟ್ಟಿಗೆ ಮಾಡುವವರು, ಸ್ಪಂಜು ತರಿಸುವವರು, ಕಪ್ಪೆಚಿಪ್ಪಿನ ಗುಂಡಿಯವರು, ಯಾವುದೋ ಯಂತ್ರಕ್ಕೆ ಎಣ್ಣೆ ಬೆರೆಸಿಕೊಡುವವರು. ಇಷ್ಟು ಜನ ವ್ಯಾಪಾರಸ್ಥರು ನಿಜವಾಗಿ ಬಂದು ಕೂತರೆ ಕಟ್ಟಡ ಕುಸಿಯಬೇಕು. ಒಳಗೆ ಇದ್ದದ್ದು ಒಂದು ಮೇಜು, ಗೋಡೆಗೆ ಪಾರಿವಾಳದ ಗೂಡಿನಂಥ ಚೌಕಗಳು, ಮತ್ತೆ ಹೆಣಿಗೆ ಹಾಕುತ್ತಾ ಕೂತಿದ್ದ ಆ ಹೆಂಗಸು.

“ಬೋರ್ಡು ಕಾಯೋದು ನನ್ನ ಕೆಲಸ ಅಲ್ಲಪ್ಪ,” ಎಂದಳು, ಕಡ್ಡಿಯಿಂದ ಕಣ್ಣೆತ್ತದೆ. “ಗೋಡೆ ನನ್ನದು. ಬೋರ್ಡು ನಿಮ್ಮದು.”

“ನಿಮ್ಮ ಗೋಡೆ ಮೇಲಿಂದ ಹೋಯ್ತಲ್ಲ?”

“ನಿಮ್ಮ ತಲೆ ಮೇಲಿಂದ ಟೋಪಿ ಹಾರಿದರೆ ಗಾಳೀನ ಕೇಳ್ತೀರಾ?”

ಸಿಡುಕ ಉಸಿರು ಒಳಗೆಳೆದುಕೊಂಡ. ಜಗಳಕ್ಕೆ ಬಂದಿರಲಿಲ್ಲ, ತಿಳಿದುಕೊಳ್ಳುವುದಕ್ಕೆ ಬಂದಿದ್ದ. ಎರಡನ್ನೂ ಒಟ್ಟಿಗೆ ಮಾಡುವ ಅಭ್ಯಾಸ ಅವನಿಗಿತ್ತು, ಇವತ್ತು ಒಂದನ್ನು ಬಿಡಬೇಕಾಗಿತ್ತು.

“ಹೋಗಲಿ, ನನಗೊಂದು ಹೇಳಿ ಅಮ್ಮಾ. ಇಲ್ಲಿ ಯಾರೂ ಕೆಲಸ ಮಾಡಲ್ಲ. ಮತ್ತೆ ಇಷ್ಟು ಜನ ಯಾತಕ್ಕೆ ವಿಳಾಸ ತಗೋತಾರೆ?”

ಅವಳು ಹೆಣಿಗೆ ಕೆಳಗಿಟ್ಟಳು. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲವೇನೋ.

“ಬಂದವರನ್ನ ನಾನು ಮೊದಲು ಅದನ್ನೇ ಕೇಳ್ತೀನಿ. ನಿನಗೆ ವಿಳಾಸ ಯಾತಕ್ಕೆ? ಸರ್ಕಾರ ಬಂದು ಬಾಗಿಲು ಬಡಿಯೋಕಾ? ಕೂತು ಕೆಲಸ ಮಾಡೋಕಾ? ಇಲ್ಲ ಕಾಗದ, ಪಾರ್ಸೆಲ್ಲು ಬಂದು ಬೀಳೋಕಾ? ಮನೆಯಲ್ಲೇ ಕೂತು ವ್ಯಾಪಾರ ಮಾಡೋರು ಮನೆ ವಿಳಾಸ ಕೊಡ್ತಾರೆ, ಆಮೇಲೆ ಕಂಡ ಕಂಡವರು ಊಟದ ಹೊತ್ತಿಗೆ ಬಾಗಿಲು ತಟ್ಟುತ್ತಾರೆ. ಬಾಡಿಗೆ ಮನೆ ಆದರೆ ಮಾಲೀಕ ಬೇರೆ ಕುಣೀತಾನೆ. ಕೆಲಸದ ಜಾಗ ಕೊಡೋಣ ಅಂದರೆ ಅದು ಇವತ್ತು ಇಲ್ಲಿ, ನಾಳೆ ಅಲ್ಲಿ. ಅದಕ್ಕೇ ನನ್ನ ಹತ್ರ ಬರ್ತಾರೆ.”

“ನಮ್ಮ ಮನೆ ಮಾಲೀಕನೂ ಬೇಡ ಅಂದ. ಶೆಡ್ಡಿಗೆ ನಂಬರೇ ಇಲ್ಲ.”

“ಹೌದು, ವಿಳಾಸ ಕೊಟ್ಟ ದಿನವೇ ಹೇಳಿದ್ದೆ. ಮೂರು ಜಾಗ ಮಾಡಿಕೊಳ್ಳಿ, ಬೇಡ ಅನ್ನಲ್ಲ. ಆದರೆ ಸರ್ಕಾರಕ್ಕೆ ಕೊಟ್ಟ ಜಾಗದಲ್ಲಿ ನಿಮ್ಮವರು ಅಂತ ಒಬ್ಬರು ಕಣ್ಣಿಟ್ಟಿರಬೇಕು. ಬಂದದ್ದನ್ನ ಯಾರು ತಗೋತಾರೆ ಅಂತ ವ್ಯಾಪಾರ ಮಾಡೋರಿಗೆ ಗೊತ್ತಿರಬೇಕು.”

“ಯಾರು ತಗೋತಾರೆ?”

“ನಿಮ್ಮ ಮನೆಯವರೇ ಬರ್ತಾರಲ್ಲ, ನಗ್ತಾ ಮಾತಾಡೋರು. ಒಪ್ಪಂದ ಮಾಡಿಸಿದ್ದೂ ಅವರೇ. ಸಣ್ಣ ಸಣ್ಣ ಪಾರ್ಸೆಲ್ಲು ಬರುತ್ತೆ ನಿಮ್ಮ ಹೆಸರಿಗೆ. ಅಂಗೈ ಅಗಲ ಇರಲ್ಲ, ಎತ್ತೋಕೆ ಹೋದರೆ ಕೈ ಜಗ್ಗುತ್ತೆ. ಏನು ತರಿಸ್ತೀರೋ, ನನ್ನ ಗೂಡಿನ ಹಲಗೆ ಬಗ್ಗಿ ಹೋಗಿದೆ.”

ತೂಕದ ಬಟ್ಟು ಇರಬೇಕು ಅಂದುಕೊಂಡ ಸಿಡುಕ. ಅವನ ಗಮನವೆಲ್ಲ ಗೋಡೆಯ ಮೇಲಿತ್ತು.

“ಬೋರ್ಡು ತೆಗೆಯೋ ಸದ್ದು ಕೇಳಿಸಲಿಲ್ವಾ?”

“ಕೇಳಿಸ್ತು. ದಿನಾ ಒಬ್ಬರು ಹಾಕ್ತಾರೆ, ಒಬ್ಬರು ಬಿಚ್ಚುತ್ತಾರೆ.”

“ಗಂಡಸಾ, ಹೆಂಗಸಾ?”

“ಸ್ಕ್ರೂ ತಿರುಗೋ ಸದ್ದಲ್ಲಿ ಅದೂ ಗೊತ್ತಾಗುತ್ತೇನಪ್ಪ? ಒಂದು ಮಾತ್ರ ಹೇಳ್ತೀನಿ. ಅವಸರ ಇರಲಿಲ್ಲ. ನಿಧಾನ, ಒಂದೇ ಸಮ. ನನಗೆ ನಿದ್ದೆ ಬಂತು.”

ಸಿಡುಕ ಓಣಿಗೆ ಬಂದ. ಜೇನು ಪೆಟ್ಟಿಗೆಯವರಿಗೂ ಸ್ಪಂಜಿನವರಿಗೂ ನಡುವೆ ಒಂದು ಖಾಲಿ ಚೌಕ. ಸುತ್ತಲ ಗೋಡೆ ಹೊಗೆ ಹಿಡಿದಿತ್ತು, ಚೌಕ ಮಾತ್ರ ಹೊಸ ಸುಣ್ಣದ ಬಣ್ಣ. ಇಷ್ಟು ದಿನ ಬೋರ್ಡು ಇತ್ತು ಅನ್ನುವುದಕ್ಕೆ ಗೋಡೆಯೇ ಸಾಕ್ಷಿ.

ನಾಲ್ಕು ತೂತಿಗೆ ಬೆರಳಿಟ್ಟು ನೋಡಿದ. ಅಂಚು ಒಡೆದಿಲ್ಲ, ಗಾರೆ ಉದುರಿಲ್ಲ. ಕಿತ್ತದ್ದಲ್ಲ ಇದು, ಬಿಚ್ಚಿದ್ದು. ಕಳ್ಳನಿಗೆ ಇಷ್ಟು ನಯ ಯಾಕೆ?

ಕೆಳಗೆ ಕಿಟಕಿಯ ಕಟ್ಟೆಯ ಮೇಲೆ ಒಣಗಿದ ಗಿಡದ ಕುಂಡ. ಅದನ್ನು ಸರಿಸಿದ.

ಹಿಂದೆ ಅಂಗೈಯಗಲದ ಮೇಣದ ಬಿಲ್ಲೆ ಇತ್ತು. ಅದರಲ್ಲಿ ನಾಲ್ಕು ಸ್ಕ್ರೂ ನೆಟ್ಟಗೆ ನಿಂತಿದ್ದವು. ಸುಮ್ಮನೆ ಚುಚ್ಚಿದ್ದಲ್ಲ: ಬೋರ್ಡಿನ ನಾಲ್ಕು ಮೂಲೆ ಹೇಗೋ ಹಾಗೆಯೇ ನಾಲ್ಕು ಕಡೆ. ಮೇಲಿನ ಎಡಮೂಲೆಯ ಸ್ಕ್ರೂ ತಲೆ ಸ್ವಲ್ಪ ಸವೆದಿತ್ತು. ಅದನ್ನು ಸವೆಸಿದವನು ಸಿಡುಕನೇ.

ಸಿಡುಕ ಬಿಲ್ಲೆಯನ್ನು ಎತ್ತಿಕೊಂಡ.

ಅಪ್ಪ ಬದುಕಿದ್ದಾಗ ಹೇಳಿಕೊಟ್ಟಿದ್ದ ಕ್ರಮ ಇದು. ತಕ್ಕಡಿ ಬಿಚ್ಚಿದಾಗ ಯಾವ ಸ್ಕ್ರೂ ಯಾವ ತೂತಿನದೋ ಅದೇ ತೂತಿಗೆ ಹೋಗಬೇಕು. ಬದಲಾದರೆ ಮುಳ್ಳು ಸುಳ್ಳು ಹೇಳುತ್ತದೆ. ಅದಕ್ಕೆ ಮೇಣದ ಬಿಲ್ಲೆ. ಈ ಕ್ರಮವನ್ನು ಅಪ್ಪನಿಂದ ಕಲಿತವರು ಮೂವರು. ಒಬ್ಬ ಸಿಡುಕ, ಅವನು ಸ್ಕ್ರೂ ಕಳೆಯುವುದರಲ್ಲಿ ಮಾತ್ರ ನಿಸ್ಸೀಮ. ಇನ್ನೊಬ್ಬಳು ಅಕ್ಕ.

ಮೂರನೆಯವನು, ಒಂದು ಕಾಲಕ್ಕೆ ಅವರ ಮನೆಯಲ್ಲೇ ಉಂಡು ಬೆಳೆದು, ಇವತ್ತು ಹಜಾರದಲ್ಲಿ ಕನ್ನಡಕ ಒರೆಸಿದವನು.

ಸಿಡುಕ ಮೆಟ್ಟಿಲನ್ನು ಎರಡೆರಡಾಗಿ ಇಳಿದ.

*

ದೊಡ್ಡಂಗಡಿಗೆ ಗಾಜಿನ ಬಾಗಿಲು. ಒಳಗೆ ಮುಳ್ಳಿಲ್ಲದ ಹೊಸ ತಕ್ಕಡಿಗಳು ಕೆಂಪು ಅಂಕಿ ಮಿಟುಕಿಸುತ್ತಾ ಕೂತಿದ್ದವು. ಗಿರಾಕಿಗಳು ಇಬ್ಬರು ಇದ್ದರು. ಇರಲಿ, ಹಜಾರದಲ್ಲಿ ಇದ್ದಷ್ಟು ಜನ ಇಲ್ಲವಲ್ಲ ಅಂತಲೇ ಸಿಡುಕನಿಗೆ ಬೇಸರ.

ಮೇಣದ ಬಿಲ್ಲೆಯನ್ನು ಗಾಜಿನ ಕಟ್ಟೆಯ ಮೇಲೆ ಟಪ್ಪೆಂದು ಇಟ್ಟ.

“ಅಣ್ಣಾ, ನಿಮ್ಮದೊಂದು ವಸ್ತು ಮರೆತು ಬಂದಿದ್ರಿ.”

ದೊಡ್ಡಂಗಡಿಯವನು ಬಗ್ಗಿ ನೋಡಿದ. ಮುಟ್ಟಲಿಲ್ಲ. “ಎಲ್ಲಿ ಸಿಕ್ತು?”

“ನಿಮಗೆ ಗೊತ್ತಿಲ್ವಾ?”

“ಗೊತ್ತಿದ್ದರೆ ಕೇಳ್ತಿದ್ನಾ? ಕೂಗಬೇಡ, ಗಾಜು ಸೂಕ್ಷ್ಮ.”

“ವಿಳಾಸದಮ್ಮನ ಕಿಟಕಿ ಕಟ್ಟೆ ಮೇಲೆ. ಅಕ್ಕನ ಬೋರ್ಡಿನ ಸ್ಕ್ರೂ. ನಮ್ಮಪ್ಪ ಕಲಿಸಿದ ಹಾಗೇ ಜೋಡಿಸಿದೆ. ಕಲಿತವರು ನಾವು ಬಿಟ್ಟರೆ ನೀವು. ಲೈಸೆನ್ಸು ಹೋದರೆ ಮಾರುಕಟ್ಟೆ ತಕ್ಕಡಿ ಎಲ್ಲ ಬರೋದು ನಿಮ್ಮ ಮನೆಗೆ. ಇನ್ನೂ ಬಿಡಿಸಿ ಹೇಳಬೇಕಾ?”

ಗಿರಾಕಿಗಳು ಕತ್ತು ಉದ್ದ ಮಾಡಿದರು. ದೊಡ್ಡಂಗಡಿಯವನ ಮುಖದಲ್ಲಿ ಅವಮಾನ ಕಾಣಲಿಲ್ಲ. ಕಂಡದ್ದು ಕುತೂಹಲ, ಕೆಟ್ಟ ತಕ್ಕಡಿಯೊಂದು ಕೈಗೆ ಬಂದಾಗ ಬರುವಂಥದ್ದು.

“ನೀನು ಹೇಳೋದು ಸರಿಯೇ, ಲಾಭ ನನ್ನದೇ. ಬೆಳಗ್ಗೆ ಹಾಗೆ ಆಡಬಾರದಿತ್ತು, ಅದೂ ಸರಿ. ಈಗ ನಾನು ಕೇಳ್ತೀನಿ, ನೀನು ಹೇಳು. ಕದಿಯೋಕೆ ಬಂದವನು ಸ್ಕ್ರೂನ ಯಾಕೆ ಜೋಪಾನ ಮಾಡ್ತಾನೆ?”

“ಅಭ್ಯಾಸ.”

“ಯಾರಿಗೆ ಅಭ್ಯಾಸ?” ಅವನು ಕಟ್ಟೆಯ ಕೆಳಗಿಂದ ಒಂದು ತಟ್ಟೆ ತೆಗೆದ. ಅಯಸ್ಕಾಂತದ ತಟ್ಟೆ. ಅದರ ಮೇಲೆ ಸ್ಕ್ರೂಗಳು ಸಾಲಾಗಿ ಅಂಟಿಕೊಂಡಿದ್ದವು. “ನಾನು ಮೇಣ ಬಿಟ್ಟು ಯಾವ ಕಾಲವಾಯ್ತು. ಈಗಿನ ತಕ್ಕಡೀಲಿ ಸ್ಕ್ರೂ ಎಲ್ಲ ಒಂದೇ ಅಳತೆ, ಯಾವುದು ಎಲ್ಲಿಗೆ ಹೋದರೂ ನಡೆಯುತ್ತೆ. ನಂಬಿಕೆ ಬರಲಿಲ್ಲ ಅಂದರೆ ಅಂಗಡಿ ಪೂರ್ತಿ ಹುಡುಕು. ಮೇಣ ಸಿಕ್ಕರೆ ನಾನೇ ಸೋಮವಾರ ಬಂದು ನಿಲ್ತೀನಿ.”

“ಮಾತಲ್ಲಿ ಜಾಣರು ನೀವು.”

“ನೀನು ಸಿಟ್ಟಲ್ಲಿ ಜಾಣ. ಆ ಬಿಲ್ಲೆ ಎತ್ತು. ಮೂಗಿನ ಹತ್ರ ಹಿಡಿ.”

“ಯಾಕೆ?”

“ಕೆಂಪು ಮಾಡಿಕೊಳ್ಳೋಕೆ ಬಿಟ್ಟು ಇನ್ನೊಂದಕ್ಕೂ ಬರುತ್ತೆ ಮೂಗು. ಮೂಸು.”

ಒಬ್ಬ ಗಿರಾಕಿ ಕಿಸಕ್ಕನೆ ನಕ್ಕ. ಸಿಡುಕ ಅವನನ್ನು ಒಂದು ನೋಟದಲ್ಲಿ ಸುಮ್ಮನಾಗಿಸಿ ಬಿಲ್ಲೆ ಎತ್ತಿದ. ಮೂಸಿದ.

ಮೇಣದ ವಾಸನೆ. ಅದರ ಹಿಂದೆ, ತೆಳ್ಳಗೆ, ಕಣ್ಣಿಗೆ ತಂಪು ತಾಗುವ ಇನ್ನೊಂದು ವಾಸನೆ.

ತಲೆನೋವಿನ ಮುಲಾಮು.

ಮುಳ್ಳನ್ನು ದಿಟ್ಟಿಸಿ ದಿಟ್ಟಿಸಿ ಅಕ್ಕನಿಗೆ ದಿನಾ ತಲೆನೋವು. ಖಾಲಿಯಾದ ಮುಲಾಮಿನ ಡಬ್ಬಿಯನ್ನು ಅವಳು ಎಸೆಯುವವಳಲ್ಲ. ಅದರಲ್ಲೇ ಮೇಣ ಕರಗಿಸುತ್ತಾಳೆ. ಶೆಡ್ಡಿನ ಮೇಣಕ್ಕೆಲ್ಲ ಅದೇ ವಾಸನೆ. ಈ ವಾಸನೆಯಲ್ಲೇ ಬೆಳೆದವನಿಗೆ ಅದು ಇದೆ ಅಂತಲೇ ಗೊತ್ತಾಗಿರಲಿಲ್ಲ.

ದೊಡ್ಡಂಗಡಿಯವನು ದನಿ ತಗ್ಗಿಸಿದ. ಈಗ ಅದು ಗಿರಾಕಿಗಳಿಗೆ ಕೇಳಿಸುವ ದನಿಯಲ್ಲ. “ನಾನು ಯಾರಿಗೂ ಹೇಳಲ್ಲ. ನಿಮ್ಮಪ್ಪನ ಅನ್ನ ತಿಂದಿದ್ದೀನಿ. ಆದರೆ ನೀನು ಹಜಾರದಲ್ಲಿ ಕೂಗಿ ಬಂದಿದ್ದೀಯಲ್ಲ, ಅದನ್ನ ಏನು ಮಾಡ್ತೀಯೋ ನೋಡು.”

*

ಐಸ್ ಕಾರ್ಖಾನೆಯ ಹಿಂಗೋಡೆಗೆ ಒರಗಿಕೊಂಡು ನಿಂತ ಶೆಡ್ಡು ಅದು. ಗೋಡೆ ಸದಾ ಒದ್ದೆ. ಬೇಸಿಗೆಯಲ್ಲಿ ಹಾಯಾಗಿರುತ್ತದೆ, ಉಳಿದ ದಿನ ಕೀಲು ಹಿಡಿಯುತ್ತದೆ. ಬೆಂಚಿನ ಮೇಲೆ ಒಂದು ಮುಳ್ಳಿನ ತಕ್ಕಡಿ, ಅದರ ಮುಂದೆ ಅಕ್ಕ.

ಸಿಡುಕ ನೇರ ಒಳಗೆ ಬಂದ. ಬೆಂಚಿನ ಕೆಳಗೆ ಬಗ್ಗಿದ. ಹಳೇ ತಟ್ಟೆಗಳನ್ನು ಸರಿಸಿದ, ಸ್ಪ್ರಿಂಗಿನ ಡಬ್ಬ ಸರಿಸಿದ. ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಚಪ್ಪಟೆ ವಸ್ತು ಕೈಗೆ ಸಿಕ್ಕಿತು. ಬಿಚ್ಚುವ ಮೊದಲೇ ಅದು ಹಿತ್ತಾಳೆ ಅಂತ ಕೈಗೆ ತಿಳಿಯಿತು.

“ವಾರೆಯಾಗಿತ್ತು, ಸರಿ ಮಾಡೋಣ ಅಂತ ತಂದೆ,” ಎಂದಳು ಅಕ್ಕ. “ಹೀಗೆ ಹೇಳೋಣ ಅಂತಿದ್ದೆ. ನೀನು ನಂಬ್ತಿದ್ದೆ ಅಲ್ವಾ?”

“ನಂಬ್ತಿದ್ದೆ. ಎಲ್ಲರೂ ನಂಬ್ತಿದ್ರು.” ಬೋರ್ಡನ್ನು ಬೆಂಚಿನ ಮೇಲೆ ಹಾಕಿದ. “ವಾರೆ ಇರಲಿಲ್ಲ ಅಕ್ಕ. ನಾನು ಹಾಕಿದ್ದು, ನೀನು ರಸಮಟ್ಟ ಇಟ್ಟು ನೋಡಿದ್ದು.”

“ಇರಲಿಲ್ಲ.”

“ಸಾಹೇಬರು ಬರ್ತಾರೆ ಅಂತ ಗೊತ್ತಿತ್ತಾ?”

“ಗೊತ್ತಿತ್ತು. ಅದಕ್ಕೇ ತೆಗೆದೆ. ಸ್ಕ್ರೂ ಜೇಬಿಗೆ ಹಾಕಿಕೊಂಡು ಬರಬೇಕಿತ್ತು, ಕೈ ತಾನೇ ಮೇಣಕ್ಕೆ ಚುಚ್ಚಿ ಇಟ್ಟುಬಿಟ್ಟಿತು. ಹಾಳು ಕೈ.”

ಸಿಡುಕ ಬೋರ್ಡನ್ನು ಅವಳ ಕಡೆ ತಳ್ಳಿದ. “ಯಾಕೆ?” ಎಂದ. ಅದು ಪ್ರಶ್ನೆಯೇ ಆಗಿತ್ತು, ಜಗಳವಲ್ಲ.

ಅಕ್ಕ ತಕ್ಕಡಿಯನ್ನು ಅವನ ಕಡೆ ತಿರುಗಿಸಿದಳು. “ಇದರ ಗುಂಡಿ ನೋಡು.”

ಸೀಸದ ಗುಂಡಿಯಲ್ಲಿ ಅವಳ ನಂಬರು ಸ್ಪಷ್ಟವಾಗಿತ್ತು.

“ನಮ್ಮದೇ.”

“ತಂತಿ ನೋಡು.”

ತಂತಿಯ ತುದಿ ಹೊರಗೆ ಚಾಚಿಕೊಂಡಿತ್ತು. ಅಕ್ಕ ತುದಿಯನ್ನು ಯಾವತ್ತೂ ಒಳಗೆ ಮಡಚುತ್ತಾಳೆ, ಗಿರಾಕಿಯ ಬೆರಳು ಗೀರಬಾರದು ಅಂತ. ಅವಳು ಕಿಲೋ ಬಟ್ಟನ್ನು ತಟ್ಟೆಯ ಮೇಲಿಟ್ಟಳು. ಮುಳ್ಳು ಕಿಲೋ ದಾಟಿ, ನಾಚಿಕೆಯಿಲ್ಲದೆ, ಮುಂದೆ ಹೋಗಿ ನಿಂತಿತು.

“ತರಕಾರಿಯವಳು ತೊಳೆಯೋಕೆ ಕೊಟ್ಟಿದ್ದು. ಇದನ್ನ ನಾನು ಒತ್ತಿಲ್ಲ. ಸುಳ್ಳು ಹೇಳೋ ತಕ್ಕಡಿಗೆ ನನ್ನ ನಂಬರು. ಇದೊಂದೇ ಅಲ್ಲ, ಸಾಲಿನಲ್ಲಿ ತಿರುಗಾಡಿ ನೋಡಿದೆ. ಇನ್ನೂ ಇವೆ.”

“ದೂರು ಕೊಡೋದಲ್ವಾ?”

“ಕೊಟ್ಟರೆ ಮೊದಲ ಪ್ರಶ್ನೆ ಏನು ಹೇಳು? ಇಕ್ಕಳ ಯಾರ ಕೈಯಲ್ಲಿರುತ್ತೆ ಅಂತ. ನನ್ನ ಕೈ ಬಿಟ್ಟರೆ ಅಂಗಡಿ ಅಂಗಡಿಗೆ ಅದನ್ನ ಹಿಡಕೊಂಡು ಹೋಗೋನು ಯಾರು?”

ಸಿಡುಕನ ಮೂಗು ಕೆಂಪಾಗಲಿಲ್ಲ. ಬಿಳಿಚಿಕೊಂಡಿತು.

“ವಿಳಾಸ ಸರಿ ಇಲ್ಲ ಅಂತ ಲೈಸೆನ್ಸು ಹೋದರೆ ಯಾರೂ ಕಳ್ಳರಾಗಲ್ಲ ಕಣೋ,” ಎಂದಳು ಅಕ್ಕ. ಮಾತು ಮೆಲ್ಲಗಿತ್ತು, ಒಪ್ಪಿಸುವ ಹಾಗೆ. “ನನ್ನ ನಂಬರಿನ ತಕ್ಕಡಿ ಎಲ್ಲ ಇಲಾಖೆಗೆ ಹೋಗುತ್ತೆ. ಸುಳ್ಳಿದ್ದವು ಸದ್ದಿಲ್ಲದೆ ಸರಿಯಾಗುತ್ತವೆ. ಆಮೇಲೆ ಈ ಶೆಡ್ಡಿಗೇ ಓಡಾಡಿ ನಂಬರು ಮಾಡಿಸಿ, ಕೆಲಸ ಎಲ್ಲೋ ಕಾಗದ ಅಲ್ಲೇ ಬರೋ ಹಾಗೆ ಹೊಸದಾಗಿ ಲೈಸೆನ್ಸಿಗೆ ಹಾಕಬಹುದಿತ್ತು. ನನ್ನ ಕಣ್ಣು ಬೀಳದ ಗೋಡೆ ಮೇಲೆ ನನ್ನ ಹೆಸರಿದ್ದದ್ದೇ ತಪ್ಪು. ನೀನು ಎಲ್ಲರ ಎದುರು ಕೂಗಿಬಿಟ್ಟೆ. ಈಗ ಸೋಮವಾರ ಸಾಹೇಬರು ಕೇಳ್ತಾರೆ, ಎಲ್ಲಿ ಕಿತ್ತವರು ಅಂತ.”

ಅವಳು ಬಟ್ಟನ್ನು ಎತ್ತಿದಳು. ಮುಳ್ಳು ಸೊನ್ನೆಗೆ ಬಂತು.

“ನನಗೆ ಒಂದೇ ಮಾತು ಹೇಳು. ಬೈಯಲ್ಲ, ಹೊಡೆಯಲ್ಲ. ನೀನಾ?”

ಅಲ್ಲ ಅನ್ನುವ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು.

“ಆಹಾ, ಇಬ್ಬರೂ ಇಲ್ಲೇ ಇದ್ದೀರಾ?”

ಬಾಗಿಲಲ್ಲಿ ಭಾವ. ನಗುತ್ತಾ ನಿಂತಿದ್ದ. ಬೆಂಚಿನ ಮೇಲೆ ಅಡ್ಡ ಬಿದ್ದಿದ್ದ ಬೋರ್ಡು ತಕ್ಕಡಿಯ ಮರೆಯಲ್ಲಿತ್ತು, ಅವನಿಗೆ ಕಾಣಲಿಲ್ಲ. ಅಕ್ಕನ ಮುಖ ಬೆಳಗಿನಿಂದ ಮೊದಲ ಸಲ ಸಡಿಲವಾಯಿತು. “ಬಂದ್ರಾ? ಇಷ್ಟು ದೂರ ನಡಕೊಂಡು?” ಎಂದಳು. ಈ ಒಂದು ಜಾಗದಿಂದ ತನಗೆ ಕೇಡು ಬರುವುದು ಸಾಧ್ಯವೇ ಇಲ್ಲ ಅನ್ನುವ ದನಿ ಅದು.

“ಮುಖ್ಯರಸ್ತೆ ಕಡೆ ಸ್ವಲ್ಪ ಕೆಲಸ ಇತ್ತು, ಹಾಗೇ ಬಂದೆ.”

ಸಿಡುಕ ಭಾವನ ನಗು ನೋಡಲಿಲ್ಲ. ಹೆಗಲಿಗೆ ಹಾಕಿದ್ದ ಬಟ್ಟೆ ಚೀಲ ನೋಡಿದ. ಚೀಲದಲ್ಲಿ ಇದ್ದದ್ದು ಅಂಗೈಯಗಲದ ಒಂದು ಪೊಟ್ಟಣ, ಅಷ್ಟೇ. ಅದರ ಭಾರಕ್ಕೆ ಹೆಗಲು ಒಂದು ಕಡೆ ವಾಲಿತ್ತು, ವಿಳಾಸದಮ್ಮನ ಗೂಡಿನ ಹಲಗೆ ಬಗ್ಗಿದ ಹಾಗೆ.

ಅಕ್ಕ ಸೀಸದ ಗುಂಡಿಗಳನ್ನು ಯಾವತ್ತೂ ತಾನೇ ಸಂತೆಯಲ್ಲಿ ಆರಿಸಿ ತರುತ್ತಾಳೆ. ಪಾರ್ಸೆಲ್ಲಿನಲ್ಲಿ ತರಿಸಿದವಳಲ್ಲ. ಶೆಡ್ಡಿಗೆ ಗಟ್ಟಿ ಬೀಗ ಇಲ್ಲ ಅಂತ ಇಕ್ಕಳ ದಿನಾ ಸಂಜೆ ಮನೆಗೆ ಬರುತ್ತದೆ. ಅಡುಗೆಮನೆ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತದೆ. ಆ ಮನೆಯಲ್ಲಿ ಇರುವವರು ಮೂವರು.

ಅವರಲ್ಲಿ ಒಬ್ಬಳು ಈಗ ಬಟ್ಟು ಹಿಡಿದು ಉತ್ತರ ಕಾಯುತ್ತಿದ್ದಳು. ‘ನಾನಲ್ಲ’ ಅಂದರೆ ಉಳಿಯುವುದು ಯಾರು ಅಂತ ಅವಳಿಗೆ ಲೆಕ್ಕ ಹೇಳಿಕೊಡಬೇಕಾಗಿರಲಿಲ್ಲ. ಅನ್ನದಿದ್ದರೆ ಅವಳ ಪಾಲಿಗೆ ಕಳ್ಳ ಸಿಡುಕನೇ.

“ಏನಪ್ಪಾ ಭಾಮೈದ,” ಎಂದ ಭಾವ, “ಸಿಕ್ಕಿದನಾ ನಿನ್ನ ಕಳ್ಳ?”

ಯಾರು ಏನಂದರೂ ತಿರುಗಿ ಒಂದು ಮಾತು ಎಸೆಯದೆ ಬಿಟ್ಟವನಲ್ಲ ಸಿಡುಕ. ಅಕ್ಕ ನೋಡುತ್ತಿದ್ದಳು. ಭಾವ ನಗುತ್ತಿದ್ದ.

ಜೇಬಿನಿಂದ ಮೇಣದ ಬಿಲ್ಲೆ ತೆಗೆದು, ಬೋರ್ಡಿನ ಮೇಲೆ, ಸವೆದ ಸ್ಕ್ರೂ ಎಡಮೂಲೆಗೆ ಬರುವಂತೆ ತಿರುಗಿಸಿ ಇಟ್ಟ. ಭಾವನ ಚೀಲಕ್ಕೆ ತಾಗದಂತೆ ಪಕ್ಕಕ್ಕೆ ಸರಿದು ಬಾಗಿಲು ದಾಟಿದ. ಒದ್ದೆ ಗೋಡೆಯ ಉದ್ದಕ್ಕೂ, ಹಿಂದಿನಿಂದ ಅಕ್ಕ ಒಮ್ಮೆ ಕರೆದರೂ, ಬಾಯಿ ತೆರೆಯದೆ ನಡೆದುಹೋದ.